ಪ್ರತಿ: 1972ರ ಒಪ್ಪಂದ ಇದ್ದೂ ಈರೀ ಸರೋವರದಲ್ಲಿ ಪಾಚಿ ಯಾಕೆ ಮರಳಿತು?

ನೀವು ನೋಡ್ತಿರೋದು ಬಹುಶಃ ಪಾಚಿ ಬೆಳೆಸುವ ಒಟ್ಟು ರಂಜಕದ (ಫಾಸ್ಫರಸ್) ವಾರ್ಷಿಕ ಲೆಕ್ಕ, ಗೊಂದಲ ಅಲ್ಲೇ ಇದೆ. ಈ ಗಡಿ ಸರೋವರವನ್ನು ಹಂಚಿಕೊಂಡ ಅಮೆರಿಕ-ಕೆನಡಾ ನಡುವಿನ 1972ರ ಒಪ್ಪಂದ ಆಗ ಹಿಡಿದದ್ದು ಡಿಟರ್ಜೆಂಟನ್ನು, ನಗರಗಳ ಕೊಳಚೆಯನ್ನು, ಅಂದರೆ ಪೈಪಿನ ಬಾಯಿಯನ್ನು. ಈಗಿನ ಪಾಚಿಗೆ ಮುಖ್ಯ ಆಹಾರ ಹೊಲಗಳಿಂದ ಬರುವ ಕರಗಿದ ರಂಜಕ. ಮಣ್ಣಿಗಂಟಿದ ರಂಜಕದಲ್ಲಿ ಪಾಚಿಗೆ ದಕ್ಕೋದು ಒಂದು ಪಾಲು, ಕರಗಿದ್ದು ಹೆಚ್ಚುಕಮ್ಮಿ ಪೂರ್ತಿ ದಕ್ಕುತ್ತೆ.

ಮೊದಲು ಡೇಟಾದಲ್ಲಿ ಇವೆರಡನ್ನೂ ಬೇರೆ ಮಾಡಿ. 0.45 ಮೈಕ್ರಾನ್ ಫಿಲ್ಟರ್ ದಾಟಿದ್ದನ್ನೇ ಕರಗಿದ್ದು ಅಂತ ಎಣಿಸ್ತಾರೆ. ಆಮೇಲೆ ಇಡೀ ಸರೋವರ ಬಿಟ್ಟು, ಸರೋವರದ ಪಶ್ಚಿಮ ತುದಿಗೆ ಬಂದು ಸೇರುವ ಮಾಮೀ ನದಿಯ ಮಾರ್ಚ್‌ನಿಂದ ಜುಲೈವರೆಗಿನ ಅಂಕಿ ಮಾತ್ರ ತಗೊಳ್ಳಿ. ಪಶ್ಚಿಮ ಭಾಗದ ಬೇಸಿಗೆ ಪಾಚಿಯನ್ನು ಬಹುಪಾಲು ನಿರ್ಧರಿಸೋದು ಅದೇ. ಎರಡೂ ದೇಶ 2016ರಲ್ಲಿ ಒಪ್ಪಿದ ಗುರಿ 2008ಕ್ಕಿಂತ 40% ಕಡಿತ: ಮಾಮೀ ನದಿಗೆ ಈ ಐದು ತಿಂಗಳಲ್ಲಿ 860 ಟನ್ ಒಟ್ಟು, 186 ಟನ್ ಕರಗಿದ ರಂಜಕ. ಇವು ಮೆಟ್ರಿಕ್ ಟನ್. ಶಾರ್ಟ್ ಟನ್ (907 ಕೆಜಿ) ಬಳಸಿದ ವರದಿ ಸಿಕ್ಕರೆ ಪರಿವರ್ತಿಸದೆ ಹೋಲಿಸಬೇಡಿ.

ಮಳೆ ಕಮ್ಮಿಯಾದ ವರ್ಷ ಟನ್ ಲೆಕ್ಕ ತಾನಾಗೇ ಇಳಿಯುತ್ತೆ, ಅದನ್ನು ಸುಧಾರಣೆ ಅಂದ್ಕೊಂಡು ಬೀಗೋರೇ ಜಾಸ್ತಿ. ಹಾಗಾಗಿ ಹರಿವಿಗೆ ತೂಗಿದ ಸರಾಸರಿ ಸಾಂದ್ರತೆಯನ್ನೂ (ಅಂದರೆ ಬಂದ ಒಟ್ಟು ರಂಜಕವನ್ನು ಹರಿದ ಒಟ್ಟು ನೀರಿನಿಂದ ಭಾಗಿಸಿದ್ದು) ನೋಡಿ: ಲೀಟರಿಗೆ ಒಟ್ಟು 0.23, ಕರಗಿದ್ದು 0.05 ಮಿಲಿಗ್ರಾಂ ಗುರಿ. ಹಳೆಯ ಗೊಬ್ಬರದಿಂದ ಮಣ್ಣಲ್ಲಿ ಉಳಿದ ರಂಜಕದ ಪಾಲೆಷ್ಟು ಅನ್ನೋದು ಇನ್ನೂ ಚರ್ಚೆಯಲ್ಲಿದೆ.

ಕೊನೆಗೆ ಕಾನೂನು ನೋಡಿ. ಅಮೆರಿಕದ ಶುದ್ಧ ಜಲ ಕಾಯ್ದೆಯಲ್ಲಿ ಹೊಲದ ಮಳೆನೀರಿಗೆ ಪರವಾನಗಿಯೇ ಬೇಡ. ಒಪ್ಪಂದದ ಗುರಿಯನ್ನು ರೈತರ ಮೇಲೆ ಹೇರೋದು ಕಷ್ಟವಾಗಿರೋದು ಇದರಿಂದಲೇ.