ಐಸ್ ಪ್ಲಾಂಟಿಗೂ ಎನರ್ಜಿ ಆಡಿಟ್ ಕಡ್ಡಾಯವೇ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. ತಿಂಗಳಿಗೆ ಸುಮಾರು 40,000 ಯೂನಿಟ್ ಕರೆಂಟ್ ಬೇಕು. ಎನರ್ಜಿ ಆಡಿಟ್ ಮಾಡಿಸದಿದ್ದರೆ ದಂಡ ಬೀಳುತ್ತದೆ ಎಂದು ಒಬ್ಬರು ಹೆದರಿಸಿ ಹೋದರು. ನಿಜವೇ?
– ಓದುಗರು, ಮಲ್ಪೆ

ಉತ್ತರ: ಹೆದರಬೇಡಿ. ಎನರ್ಜಿ ಆಡಿಟ್ ಅಂದರೆ ಕರೆಂಟ್, ಇಂಧನ ಎಲ್ಲಿ ಎಷ್ಟು ಖರ್ಚಾಗುತ್ತದೆ, ಎಲ್ಲಿ ಪೋಲಾಗುತ್ತದೆ ಎಂದು ನೋಡುವ ತಪಾಸಣೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಲ್ಲಿ ಆಡಿಟ್ ಕಡ್ಡಾಯ ಇರುವುದು ಸರ್ಕಾರ ಹೆಸರಿಸಿದ ದೊಡ್ಡ ಬಳಕೆದಾರರಿಗೆ. ಸಿಮೆಂಟ್, ಉಕ್ಕು, ಗೊಬ್ಬರ, ಕಾಗದ, ಬಟ್ಟೆ ಗಿರಣಿ ಇಂಥವು. ಬಟ್ಟೆ ಗಿರಣಿಯ ಮಿತಿ ವರ್ಷಕ್ಕೆ 3,000 ಟನ್ ಎಣ್ಣೆಗೆ ಸಮನಾದ ಇಂಧನ. ಕರೆಂಟಿನ ಲೆಕ್ಕದಲ್ಲಿ ಸುಮಾರು 3.5 ಕೋಟಿ ಯೂನಿಟ್. ನಿಮ್ಮದು ವರ್ಷಕ್ಕೆ 5 ಲಕ್ಷವೂ ಆಗುವುದಿಲ್ಲ ಅಲ್ವಾ? ಸರ್ಕಾರ ಹೆಸರಿಸಿದ ಆ ದೊಡ್ಡ ಕಾರ್ಖಾನೆಗಳು ಪರೀಕ್ಷೆ ಪಾಸಾದ ಎನರ್ಜಿ ಮ್ಯಾನೇಜರ್ ಇಟ್ಟುಕೊಳ್ಳಬೇಕು, ಮಾನ್ಯತೆ ಪಡೆದ ಆಡಿಟರ್‌ನಿಂದ ಆಡಿಟ್ ಮಾಡಿಸಬೇಕು, ಬಳಕೆಯ ವರದಿ ಕೊಡಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ಸಂಶಯವಿದ್ದರೆ ಅಲ್ಲೇ ಕೇಳಿ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ.

ಆದರೂ ಒಮ್ಮೆ ಆಡಿಟ್ ಮಾಡಿಸಿ ಎಂದೇ ನಾನು ಹೇಳುತ್ತೇನೆ. ಬಂದರಿನ ಹತ್ತಿರದ ಒಂದು ಪ್ಲಾಂಟಿನಲ್ಲಿ ಶಾಖ ಹೊರಹಾಕುವ ಕಂಡೆನ್ಸರ್ ಪೈಪಿನ ಮೇಲೆ ಬೆರಳಿಟ್ಟು ನೋಡಿದ್ದೆ. ಗಟ್ಟಿ ಬಿಳಿ ಪದರ. ಶಾಖ ಹೊರಗೆ ಹೋಗದೆ ಕಂಪ್ರೆಸರ್ ಒತ್ತಡ ಏರುತ್ತದೆ, ಅಷ್ಟೇ ಐಸಿಗೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಐಸ್ ಗಟ್ಟಿಯಾಗುವ ಉಪ್ಪುನೀರಿನ ತೊಟ್ಟಿಯ ಮುಚ್ಚಳಗಳೂ ಒಡೆದು ತಂಪು ಪೋಲಾಗುತ್ತಿತ್ತು, ನನಗೆ ನಿಜಕ್ಕೂ ಸಂಕಟವಾಯಿತು. ಜೂನ್, ಜುಲೈನಲ್ಲಿ ಬೋಟುಗಳಿಗೆ ರಜೆ ಇರುವಾಗ ಇವೆರಡನ್ನೂ ಸರಿಮಾಡಿಸಿ. ಮೆಸ್ಕಾಂ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕೆಲಸಕ್ಕೆ ಬಂತು ಎಂಬ ಅಳತೆ) ಎಷ್ಟಿದೆ ಎಂದೂ ನೋಡಿ. ಕಡಿಮೆಯಿದ್ದರೆ ಅದನ್ನು ಏರಿಸುವ ಕೆಪಾಸಿಟರ್ ಹಾಕಿಸಿ.