ಮನೆಯವರ ಕೂಲಿ ಯಾವ ಲೆಕ್ಕಕ್ಕೆ?

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮದೊಂದು ಖಾನಾವಳಿ ಇದೆ. ರೊಟ್ಟಿ ಬಡಿಯುವುದು ನನ್ನ ಹೆಂಡತಿ, ಗಲ್ಲಾದ ಮೇಲೆ ನಾನು. ಬಾಡಿಗೆ, ಜೋಳ, ಗ್ಯಾಸು, ಆಳುಗಳ ಪಗಾರ ಕಳೆದು ತಿಂಗಳಿಗೆ 34,000 ರೂಪಾಯಿ ಲಾಭ. ಇನ್ನೊಂದು ಖಾನಾವಳಿ ತೆರೆಯೋಣ ಅಂದರೆ ಮಗ, ‘ನಿಮ್ಮಿಬ್ಬರ ಕೂಲಿ ಹಿಡಿದರೆ ಇದೇ ಲುಕ್ಸಾನು’ ಅನ್ನುತ್ತಾನೆ. ಯಾರು ಸರಿ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ನಾನು ಮಗನ ಕಡೆಗೇ ವಾಲುತ್ತೇನೆ. ‘ಲುಕ್ಸಾನು’ ಅನ್ನೋದು ಮಾತ್ರ ಲೆಕ್ಕ ಹಾಕಿದ ಮೇಲೆ.

ಮೊದಲು ತೆರಿಗೆ ವಿಷಯ ಮುಗಿಸಿಬಿಡೋಣ. ಒಬ್ಬರೇ ಮಾಲೀಕರಿದ್ದಾಗ, ತನಗೆ ತಾನೇ ಪಗಾರ ಕೊಟ್ಟುಕೊಂಡು ಅದನ್ನು ಖರ್ಚು ಅಂತ ತೋರಿಸಲು ಬರುವುದಿಲ್ಲ. ಪಾಲುದಾರಿಕೆಯಾದರೆ, ಕರಾರಿನಲ್ಲಿ ಬರೆದಿದ್ದರೆ, ದುಡಿಯುವ ಪಾಲುದಾರರ ಪಗಾರವನ್ನು ಒಂದು ಮಿತಿಯೊಳಗೆ ಒಪ್ಪುತ್ತಾರೆ. ಅದೇ ಒಲೆ, ಅದೇ ಕೈ. ಕಾಗದ ಬೇರೆ, ಅಷ್ಟೆ.

ನಿಮ್ಮ ಪ್ರಶ್ನೆಯನ್ನು ಗಂಗಾವತಿ ಕಡೆಯ ಭತ್ತದ ರೈತರು ಬೇಗ ಹಿಡಿಯುತ್ತಾರೆ. ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಖರ್ಚನ್ನು ಹಲವು ಬಗೆಯಲ್ಲಿ ಹಿಡಿಯುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿ ಅಂತ ಕೈಯಿಂದ ಹೋದ ದುಡ್ಡು ‘ಎ2’. ಮನೆಮಂದಿ ಗೆಯ್ದದ್ದಕ್ಕೂ ಬೆಲೆ ಕಟ್ಟಿದರೆ ‘ಎ2 ಪ್ಲಸ್ ಎಫ್‌ಎಲ್’. ಸ್ವಂತ ಹೊಲದ ಗೇಣಿ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ‘ಸಿ2’. ಬೆಂಬಲ ಬೆಲೆ ಖರ್ಚಿನ ‘ಒಂದೂವರೆ ಪಟ್ಟು’ ಅಂತ 2018ರ ಬಜೆಟ್ಟಿನಲ್ಲಿ ಕೇಂದ್ರ ಹೇಳಿದ್ದು ಎರಡನೆಯದರ ಮೇಲಿನ ಲೆಕ್ಕ. ರೈತ ಸಂಘಟನೆಗಳು ಕೇಳುವುದು ಸಿ2 ಮೇಲೆ. ಆದರೆ ಗಮನಿಸಿ, ಮನೆಯವರ ದುಡಿಮೆ ಖರ್ಚು ಅನ್ನೋದರಲ್ಲಿ ಇಬ್ಬರಿಗೂ ಜಗಳವೇ ಇಲ್ಲ!

ಈಗ ನಿಮ್ಮ ಒಲೆಗೆ ಬರೋಣ. ನಾಳೆ ನಿಮ್ಮ ಮನೆಯವರಿಗೆ ರಟ್ಟೆ ನೋವು ಬಂದರೆ ರೊಟ್ಟಿ ಬಡಿಯಲು ಯಾರನ್ನಾದರೂ ಕರೆಯಲೇಬೇಕು. ಅವರು ಕೇಳುವ ಪಗಾರವೇ ನಿಮ್ಮ ಮನೆಯವರ ಕೂಲಿ. ಅದು 15,000, ನಿಮ್ಮದು 12,000 ಅಂತ ಸುಮ್ನೆ ಹಿಡಿಯೋಣ. ಉಳಿದದ್ದು 7,000. ಖಾನಾವಳಿಯ ಲಾಭ ಅಂದರೆ ಅದು. (ಈ ಲೆಕ್ಕದಲ್ಲಿ ಗಂಡಸರು ತಮಗೆ ಮ್ಯಾನೇಜರ್ ಪಗಾರ, ಹೆಂಡತಿಗೆ ಆಳಿನ ಕೂಲಿ ಹಾಕಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ.)

ಹಾಗಂತ ಬಾಗಿಲು ಹಾಕಬೇಕಿಲ್ಲ. ದುಡಿದದ್ದು ಮನೆಗೇ ಬರುತ್ತಿದೆಯಲ್ಲ. ತೊಂದರೆ ಇರುವುದು ಎರಡನೇ ಖಾನಾವಳಿಯಲ್ಲಿ. ನಿಮ್ಮ ಮನೆಯವರು ಎರಡು ಒಲೆ ಮುಂದೆ ಕೂರಲಾರರು. ಅಲ್ಲಿ ಎರಡೂ ಪಗಾರ ಗಲ್ಲಾದಿಂದಲೇ ಹೋಗಬೇಕು. ಇನ್ನೊಂದು 34,000 ಅಂದುಕೊಂಡು ಸಾಲ ಮಾಡಿದರೆ, ಕೈಗೆ ಬರುವುದು 7,000. ಅದರಲ್ಲೇ ಕಂತು ಕಟ್ಟಬೇಕು.

ನಿಮ್ಮೂರ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಬರುತ್ತವೆ. ಅಲ್ಲಿ ಕೂಲಿ ಲೆಕ್ಕ ಕೇಳಿದರೆ ಅಜ್ಜಿಯರು ಹಿಟ್ಟು ನಾದುವ ಕೊಣಮಿಗೆ ಎತ್ತಿ ಬರುತ್ತಾರೆ. ಅದು ಸೇವೆ. ನಿಮ್ಮದು ವ್ಯಾಪಾರ, ಅಲ್ವಾ?

ಒಂದು ತಿಂಗಳು ಇಬ್ಬರೂ ದುಡಿದ ತಾಸುಗಳನ್ನು ವಹಿಯಲ್ಲಿ ಬರೆದಿಡಿ. ಬರೆಯುವ ಕೆಲಸ ನೀವೇ ಮಾಡಿ. ಅದನ್ನೂ ಅವರ ತಲೆಗೆ ಕಟ್ಟಬೇಡಿ.
– ಸಂ.