ಶಾಲೆಯ ಲ್ಯಾಬ್ ಕಂಪ್ಯೂಟರಿಗೆ ‘ಲೂನಿ ಟ್ಯೂನಬಲ್ಸ್’ ಭಯವೇ?

ಪ್ರಶ್ನೆ: ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ನಾನು, ಐಟಿ ಲ್ಯಾಬ್ ನನ್ನ ಜವಾಬ್ದಾರಿ. ಕೆಲವು ಕಂಪ್ಯೂಟರುಗಳಲ್ಲಿ ಉಬುಂಟು ಲಿನಕ್ಸಿನ 22.04ನೇ ಆವೃತ್ತಿ, ಹಳೆಯವುಗಳಲ್ಲಿ 18.04 ಇದೆ. ಮೆಮೊರಿಯನ್ನು ಸೊನ್ನೆ ಮಾಡದೆ ಬಳಸುವ ಒಂದು ದೋಷದಿಂದ ಯಾರು ಬೇಕಾದರೂ ‘ರೂಟ್’ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಬಹುದೆಂದು ಓದಿದೆ. ಇಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಬೇಡ. 18.04ರಲ್ಲಿರುವ ಜಿಲಿಬ್‌ಸಿ (ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಬಳಸುವ ಮೂಲ ಲೈಬ್ರರಿ) 2.27ನೇ ಆವೃತ್ತಿ, ಈ ದೋಷ ಹೊಕ್ಕಿದ್ದೇ 2.34ರಲ್ಲಿ. (18.04ಕ್ಕೆ ಮಾಮೂಲು ಅಪ್‌ಡೇಟ್ 2023ರಲ್ಲೇ ನಿಂತಿತು, ಅದು ಬೇರೆ ತಲೆನೋವು.) 22.04ರದ್ದು 2.35. ನೋಡಬೇಕಾದ್ದು ಅದನ್ನು.

ನೀವು ಓದಿದ್ದು ಭದ್ರತಾ ಸಂಶೋಧನೆ ಮಾಡುವ ಕ್ವಾಲಿಸ್ ಸಂಸ್ಥೆ 2023ರ ಅಕ್ಟೋಬರ್ 3ರಂದು ಹೊರಗೆಡಹಿದ ‘ಲೂನಿ ಟ್ಯೂನಬಲ್ಸ್’ ದೋಷದ (ದೋಷಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2023-4911) ಬಗ್ಗೆ ಇರಬೇಕು. ನಿಜ ಹೇಳಬೇಕೆಂದರೆ ಅಲ್ಲಿರುವುದು ಎರಡು ತಪ್ಪು. ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಜೋಡಿಸುವ ಲೋಡರ್, ‘ಜಿಲಿಬ್‌ಸಿ ಟ್ಯೂನಬಲ್ಸ್’ ಎಂಬ ಸೆಟ್ಟಿಂಗನ್ನು ಓದುತ್ತದೆ. ‘ಹೆಸರು=ಮೌಲ್ಯ’ ಎಂದಿರಬೇಕಾದಲ್ಲಿ ‘ಹೆಸರು=ಹೆಸರು=ಮೌಲ್ಯ’ ಎಂದು ಕೊಟ್ಟರೆ ಅದು ತಬ್ಬಿಬ್ಬಾಗಿ ಬಾಲವನ್ನು ಎರಡು ಸಲ ನಕಲು ಮಾಡುತ್ತದೆ. ಜಾಗ ಸಾಲದೆ ಅಕ್ಷರಗಳು ಪಕ್ಕದ ಮೆಮೊರಿಗೆ ಚೆಲ್ಲುತ್ತವೆ.

ಚೆಲ್ಲಿದ್ದು ಅಲ್ಲೇ ಬಿದ್ದಿದ್ದರೆ ಇಷ್ಟು ಸುದ್ದಿಯಾಗುತ್ತಿರಲಿಲ್ಲ. ಮುಂದೆ ಅದೇ ಜಾಗದಲ್ಲಿ ಲೋಡರ್ ತನ್ನ ಪಟ್ಟಿಯೊಂದನ್ನು ಕಟ್ಟುತ್ತದೆ. ಅದಕ್ಕೆ ಬಳಸುವ ‘ಕ್ಯಾಲಕ್’ (ಮೆಮೊರಿ ಹಂಚುವ ಫಂಕ್ಷನ್) ಮೆಮೊರಿಯನ್ನು ಸೊನ್ನೆ ಮಾಡಿ ಕೊಡಬೇಕೆಂಬುದು ನಿಯಮ. ಆದರೆ ಲೋಡರಿನೊಳಗಿನ ಪುಟ್ಟ ಕ್ಯಾಲಕ್ ಸೊನ್ನೆ ಮಾಡುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕೊಡುವ ಹೊಸ ಮೆಮೊರಿ ಹೇಗೂ ಸೊನ್ನೆಯಾಗಿಯೇ ಇರುತ್ತದಲ್ಲ ಎಂದು, ತೊಳೆದಿಟ್ಟ ಪಾತ್ರೆಯೆಂದು ನಂಬಿ ಹಾಲು ಹೊಯ್ದ ಹಾಗೆ. ಕರ್ನಲ್ ಮಾತು ತಪ್ಪಿರಲಿಲ್ಲ, ನಡುವೆ ಕೊಳೆ ಬಿದ್ದಿತ್ತು. ಖಾಲಿಯಿರಬೇಕಾದ ಒಂದು ಪಾಯಿಂಟರಿನಲ್ಲಿ (ಮೆಮೊರಿಯ ವಿಳಾಸ ಹಿಡಿದಿಡುವ ಜಾಗ) ದಾಳಿಕೋರ ಬರೆದದ್ದು ಕೂತಿರುತ್ತದೆ. ‘ಲೈಬ್ರರಿಯನ್ನು ಈ ಫೋಲ್ಡರಿನಿಂದ ತಾ’ ಎಂಬ ಅರ್ಥ ಬರುವಂಥದ್ದು. ರೂಟ್ ಅಧಿಕಾರದಲ್ಲಿ ಓಡುವ ‘ಎಸ್‌ಯು’ ಕಮಾಂಡಿನ ಮೇಲೆ ಇದನ್ನು ಪ್ರಯೋಗಿಸಿದರೆ ಕಂಪ್ಯೂಟರು ಕೈವಶ. ಮೆಮೊರಿಯ ವಿಳಾಸ ಊಹಿಸಲು ಸಾವಿರಾರು ಸಲ ಯತ್ನಿಸಬೇಕು ನಿಜ, ಆದರೆ ಯಂತ್ರಕ್ಕೆ ಅದು ನಿಮಿಷಗಳ ಕೆಲಸ.

ಒಂದು ಸಮಾಧಾನ: ಇದು ನೆಟ್‌ವರ್ಕಿನಿಂದ ತಾನಾಗಿ ನುಗ್ಗುವಂಥದ್ದಲ್ಲ. ದಾಳಿಕೋರ ಮೊದಲೇ ಆ ಕಂಪ್ಯೂಟರಿನಲ್ಲಿ ಲಾಗಿನ್ ಆಗಿರಬೇಕು. ನಿಮ್ಮಲ್ಲಿ ಅಂದರೆ ಎಂಟನೇ ತರಗತಿಯ ತುಂಟ. ಅವನಿಗೆ ಅಡ್ಮಿನ್ ಪಾಸ್‌ವರ್ಡೇ ಗೊತ್ತಿದ್ದರೆ ಇಷ್ಟೆಲ್ಲ ಕಸರತ್ತು ಯಾಕೆ? ಮಾನಿಟರಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದ ಲ್ಯಾಬುಗಳಿಗೇನೂ ಬರವಿಲ್ಲ. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿಕೊಡಿ. ನನ್ನನ್ನು ಕೇಳಿದರೆ ಅಪ್‌ಡೇಟಿಗಿಂತ ಮೊದಲು ಅದು.

ಆಮೇಲೆ ಟರ್ಮಿನಲ್ಲಿನಲ್ಲಿ ‘ಎಲ್‌ಡಿಡಿ’, ಜಾಗ ಬಿಟ್ಟು ಎರಡು ಅಡ್ಡಗೆರೆ, ಅದಕ್ಕೆ ತಾಗಿಸಿ ‘ವರ್ಷನ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಮೊದಲ ಸಾಲಿನಲ್ಲಿ ‘2.35-0ಉಬುಂಟು3.4’ ಅಥವಾ ಕೊನೆಯಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆಯಿದ್ದರೆ ತೇಪೆ ಆಗಲೇ ಬಿದ್ದಿದೆ, ಸುಮ್ಮನಿರಿ. ಇಲ್ಲದಿದ್ದರೆ ನೆಟ್ ಇರುವ ಕಡೆ ಪ್ಯಾಕೇಜುಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಜಿಲಿಬ್‌ಸಿಯ ಪ್ಯಾಕೇಜಾದ ‘ಲಿಬ್‌ಸಿ6’ ಒಂದನ್ನೇ ತಂದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲಬಹುದು. ‘ಲಿಬ್‌ಸಿ-ಬಿನ್’, ಮತ್ತು ಸಿ ಕಂಪೈಲರ್ ಇದ್ದಲ್ಲಿ ‘ಲಿಬ್‌ಸಿ6-ಡೆವ್’, ‘ಲಿಬ್‌ಸಿ-ಡೆವ್-ಬಿನ್’ ಕೂಡ ಅದೇ ಆವೃತ್ತಿಯದ್ದಿರಲಿ. ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ.